ನಾಲ್ಕಡಿಯ ಆಚೆ

‘ಕಂಫರ್ಟ್ ಝೋನ್ ಬಿಟ್ಟು ಆಚೆ ಬನ್ನಿ’ ಎಂದು ಉಪದೇಶ ಮಾಡುವವರು ಆ ಝೋನ್ ಎಲ್ಲಿಗೆ ಮುಗಿಯುತ್ತದೆ ಅಂತ ಮಾತ್ರ ಹೇಳುವುದಿಲ್ಲ. ನನ್ನದು ಎಲ್ಲಿಗೆ ಮುಗಿಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಈಜುಕೊಳದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದೇ ಇದೆ: 4 ಅಡಿ. ಅಲ್ಲಿಂದ ಮುಂದೆ ನೆಲ ಜಾರುತ್ತಾ ಹೋಗಿ 8 ಅಡಿ ಆಗುತ್ತದೆ.

ಬಯಲುಸೀಮೆಯವನು ನಾನು. ನಮ್ಮೂರಲ್ಲಿ ಬಾವಿಗಳಿದ್ದವು, ನೀರಿರಲಿಲ್ಲ. ಅಪ್ಪನ ಕಾಲದಲ್ಲಿ ನೀರೂ ಇತ್ತಂತೆ. ಹುಡುಗರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿಬಿಡುತ್ತಿದ್ದರಂತೆ. ಫೀಸಿಲ್ಲ, ಫಾರ್ಮಿಲ್ಲ. ನಾನು ನಲವತ್ತು ದಾಟಿದ ಮೇಲೆ ದುಡ್ಡು ಕಟ್ಟಿ, ಡಾಕ್ಟರ ಸರ್ಟಿಫಿಕೇಟ್ ಕೊಟ್ಟು, ಬೇಸಿಗೆ ರಜೆಯ ಬ್ಯಾಚಿಗೆ ಸೇರಿದೆ. ಬ್ಯಾಚಿನಲ್ಲಿ ನನ್ನನ್ನು ಬಿಟ್ಟರೆ ಉಳಿದವರೆಲ್ಲ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು.

ಮೊದಲ ಕಷ್ಟ ಕ್ಯಾಪು. ನೀರಿಗೆ ಕೂದಲು ಉದುರಬಾರದು ಅಂತ ಅದು ಕಡ್ಡಾಯ. ಉದುರುವುದಕ್ಕೆ ನನ್ನ ತಲೆಯಲ್ಲಿ ಏನೂ ಉಳಿದಿಲ್ಲ ಅಂದರೂ ಕೌಂಟರಿನವರು ಕೇಳಲಿಲ್ಲ. ಹಣೆಯ ಮೇಲೆ ಎಳೆದರೆ ಹಿಂದಿನಿಂದ ಹಾರುತ್ತದೆ, ಹಿಂದೆ ಎಳೆದರೆ ಕಿವಿ ಮಡಚುತ್ತದೆ. ಕೊನೆಗೆ ಪಕ್ಕದ ಪುಟ್ಟಿ ‘ಅಂಕಲ್, ಬಗ್ಗಿ’ ಎಂದು ತಾನೇ ಹಾಕಿಕೊಟ್ಟಳು.

ಆಮೇಲೆ ಉಸಿರಾಟ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ, ಅದನ್ನೇನು ಕಲಿಯುವುದು ಅಂದುಕೊಂಡಿದ್ದೆ. ಬಾಯಿಂದ ಎಳ್ಕೊಳ್ಳಿ, ನೀರೊಳಗೆ ಮೂಗಿಂದ ಬಿಡಿ ಎಂದರು ಕೋಚ್. ಮಕ್ಕಳೆಲ್ಲ ಸರಳು ಹಿಡಿದು ಸಾಲಾಗಿ ಬುಳುಬುಳು ಗುಳ್ಳೆ ಬಿಟ್ಟವು. ನಾನು ಮೂಗಿಂದ ಎಳೆದುಕೊಂಡೆ. ನೀರು ಮೂಗಿನ ಮೇಲ್ಭಾಗಕ್ಕೆ ಹತ್ತಿ, ಹುಬ್ಬುಗಳ ನಡುವೆ ಯಾರೋ ಸಾಸಿವೆ ಅರೆದಿಟ್ಟ ಹಾಗೆ ಉರಿಯಿತು. ಕೆಮ್ಮಿ, ಸೀನಿ, ಕಣ್ಣು ಕೆಂಪಾಗಿ ಮೇಲೆ ಬಂದರೆ ಕೋಚ್ ‘ಗುಡ್, ಇನ್ನೊಂದ್ಸಲ’ ಅಂದರು. ಅವರ ಡಿಕ್ಷನರಿಯಲ್ಲಿ ಬೇರೆ ಮಾತೇ ಇಲ್ಲ.

ತೇಲುವ ಶಾಸ್ತ್ರ ಮಾತ್ರ ತಲೆಗೆ ಹತ್ತಿತು. ಎದೆಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಇರುತ್ತದೆ, ಹಾಗಾಗಿ ಅದು ತೇಲುತ್ತದೆ. ಕಾಲಲ್ಲಿ ಬರೀ ಮೂಳೆ, ಮಾಂಸ. ಅದು ಇಳಿಯುತ್ತದೆ. ಹೆದರಿ ತಲೆ ಎತ್ತಿದಷ್ಟೂ ಕಾಲು ಕೆಳಕ್ಕೆ ಹೋಗುತ್ತದೆ. ಅಂದರೆ ಮುಳುಗಬಾರದು ಅಂತಿದ್ದರೆ ಮುಖ ಮುಳುಗಿಸಬೇಕು! ಇದನ್ನು ಒಪ್ಪುವುದಕ್ಕೆ ನನ್ನ ಕುತ್ತಿಗೆ ತಯಾರಿರಲಿಲ್ಲ.

ಧೈರ್ಯ ಬರಲಿ ಅಂತ ಕೋಚ್ ನಿಶಾ ಮಿಲೆಟ್ ಕತೆ ಹೇಳಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಮ್ಮ ಬೆಂಗಳೂರಿನವರು. ಐದು ವರ್ಷದವರಿದ್ದಾಗ ನೀರಲ್ಲಿ ಮುಳುಗಿಹೋಗುವುದರಲ್ಲಿದ್ದರಂತೆ. ಭಯ ಹೋಗಲಿ ಅಂತ ಅಪ್ಪನೇ ಈಜು ಕಲಿಯಲು ಹಚ್ಚಿದ್ದಂತೆ. ‘ನೋಡಿ ಸರ್!’ ಎಂದರು. ನೋಡಿದೆ. ನಾನೂ ಮುಳುಗುವುದರಲ್ಲೇ ಇದ್ದೇನೆ, ಅಷ್ಟರಮಟ್ಟಿಗೆ ಹೋಲಿಕೆ ಸರಿಯಾಗಿದೆ.

ಬ್ಯಾಚು ಮುಗಿಯುವ ಹೊತ್ತಿಗೆ ಕಿಕ್‌ಬೋರ್ಡ್ ಅನ್ನುವ ತೇಲುವ ಹಲಗೆ ಹಿಡಿದು ಕಾಲು ಬಡಿಯುವುದು ಬಂತು. ಒಂದು ಬೆಳಗ್ಗೆ ‘ಇವತ್ತು ಆ ಕಡೆ’ ಎಂದು ಕೋಚ್ 8 ಅಡಿಯತ್ತ ಕೈ ತೋರಿಸಿದರು. ಹೊರಟೆ. ಮುಖ ನೀರೊಳಗೆ. ಕೆಳಗಿನ ನೀಲಿ ಟೈಲ್ಸ್ ಒಂದೊಂದೇ ದೂರ ಸರಿಯುತ್ತಾ, ಬಣ್ಣ ಗಾಢವಾಗುತ್ತಾ ಹೋಯಿತು. ಮನೆ ಸಾಲದ ಕಂತು, ಗ್ಯಾಸ್ ಬುಕ್ ಮಾಡದೇ ಇದ್ದದ್ದು, ಎಲ್ಲ ಒಟ್ಟಿಗೆ ನೆನಪಾದವು. ಕಾಲು ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನಾಗುತ್ತದೆ ಅಂತ ಶಾಸ್ತ್ರ ಓದಿಯಾಗಿತ್ತಲ್ಲ. ಕೊನೆಗೆ ಬೋರ್ಡು ಗೋಡೆಗೆ ಡಿಕ್ಕಿ ಹೊಡೆಯಿತು.

ಮಕ್ಕಳು ಚಪ್ಪಾಳೆ ತಟ್ಟಿದವು. ಮಾರಥಾನ್ ಗೆದ್ದವನ ಗತ್ತಿನಲ್ಲಿ ಸರಳು ಹಿಡಿದು ಏದುಸಿರು ಬಿಡುತ್ತಿದ್ದೆ. ಆಗ ಅದೇ ಪುಟ್ಟಿ ಕೇಳಿದಳು: ‘ಅಂಕಲ್, ವಾಪಸ್ ಬರಲ್ವಾ?’

ಬಂದೆನಲ್ಲ. ಪಕ್ಕದ ಏಣಿ ಹತ್ತಿ, ಬೋರ್ಡು ಕಂಕುಳಲ್ಲಿಟ್ಟುಕೊಂಡು, ದಡದ ಮೇಲೆ ನಡೆದೇ ಬಂದೆ. ಹೆಜ್ಜೆ ಸ್ವಲ್ಪ ಜೋರಾಯಿತೇನೋ, ಕೋಚ್ ಸೀಟಿ ಊದಿದರು: ‘ಸರ್, ನಿಧಾನ! ಜಾರಿ ನೀರಿಗೆ ಬಿದ್ದೀರಿ!’