ಮ್ಯೂನಿಕ್ ಬಿಟ್ಟು ಹೊರಡದ ನೆರವು

ಹಾಸನದ ಕಡೆಯ ಒಬ್ಬ ಹುಡುಗ ಎಂದಿಟ್ಟುಕೊಳ್ಳಿ. ಬಿ.ಇ. ಮುಗಿಸಿ ಎಂ.ಎಸ್. ಮಾಡಲು ಜರ್ಮನಿಗೆ ಹೊರಟಿದ್ದಾನೆ. ವೀಸಾ ಬೇಕಾದರೆ ಮೊದಲು ‘ಬ್ಲಾಕ್ಡ್ ಅಕೌಂಟ್’ನಲ್ಲಿ, ಅಂದರೆ ಅಲ್ಲಿನ ಜೀವನದ ಖರ್ಚಿಗೆಂದು ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ, 11,904 ಯೂರೋ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಹನ್ನೊಂದು, ಹನ್ನೆರಡು ಲಕ್ಷ. ಅಪ್ಪ ಕಾಫಿ ತೋಟದ ಪಹಣಿ ಹಿಡಿದು ಬ್ಯಾಂಕಿನ ಮುಂದೆ ನಿಂತರು. ಸಾಲ ನಮ್ಮದು, ಬಡ್ಡಿ ನಮ್ಮದು ಎಂಬುದು ಮನೆಮಂದಿಗೆಲ್ಲ ಗೊತ್ತಿತ್ತು. ಹುಡುಗ ಮ್ಯೂನಿಕ್‌ನ ತರಗತಿಗೆ ಕಾಲಿಟ್ಟೊಡನೆ ಭಾರತದ ಬಡತನ ಒಂದು ಗುಲಗಂಜಿ ತೂಕ ಇಳಿಯಿತು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ತಮಾಷೆಯಲ್ಲ. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ನೆರವಿನ ನಿಯಮವೇ ಹಾಗಿದೆ. ಬಡ ದೇಶಗಳ ವಿದ್ಯಾರ್ಥಿಗಳು ತನ್ನ ವಿಶ್ವವಿದ್ಯಾಲಯದಲ್ಲಿ ಓದಿದರೆ, ಆ ಪಾಠದ ಖರ್ಚನ್ನು ದಾನಿ ದೇಶವು ‘ವಿದೇಶಿ ನೆರವು’ ಎಂದು ಬರೆದುಕೊಳ್ಳಬಹುದು. ನೆರವು ಪಡೆಯುವವರ ಪಟ್ಟಿಯಲ್ಲಿ ಭಾರತವೂ ಇದೆ. ಹೀಗೆ ಬರೆದುಕೊಳ್ಳುವುದರಲ್ಲಿ ಜರ್ಮನಿ, ಫ್ರಾನ್ಸ್ ಎತ್ತಿದ ಕೈ. ಈ ಹಣ ಬಡ ದೇಶದ ಶಾಲೆಗಳನ್ನು ಮುಟ್ಟುವುದೇ ಇಲ್ಲ ಎಂದು ಯುನೆಸ್ಕೋ ವರ್ಷಗಳಿಂದ ಗೊಣಗುತ್ತಿದೆ. ಗೊಣಗಲಿ ಬಿಡಿ, ಅದಕ್ಕೇ ಅಲ್ಲವೇ ಯುನೆಸ್ಕೋ ಇರುವುದು!

ಪಾಠದ ಖರ್ಚಿನ ಬಹುಪಾಲನ್ನು ಅಲ್ಲಿನ ಸರ್ಕಾರವೇ ಹೊರುತ್ತದೆ, ಅದು ಸುಳ್ಳಲ್ಲ. ಆದರೂ ಇದು ಮದುವೆಗೆ ಬಂದವರು ಉಂಡ ಊಟವನ್ನು ‘ಅವರ ಮನೆ ಗೃಹಪ್ರವೇಶಕ್ಕೆ ನಾವು ಕೊಟ್ಟದ್ದು’ ಎಂದು ಮುಯ್ಯಿ ಪುಸ್ತಕದಲ್ಲಿ ಬರೆದುಕೊಂಡ ಹಾಗಾಯಿತು.

ಇಷ್ಟೆಲ್ಲ ತಾಪತ್ರಯ ಯಾಕೆಂದರೆ, ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ನೆರವಿಗೆ ಕೊಡಬೇಕೆಂದು 1970ರಲ್ಲೇ ವಿಶ್ವಸಂಸ್ಥೆಯಲ್ಲಿ ನಿರ್ಣಯವಾಗಿದೆ. ಜರ್ಮನಿ ಆ ಗುರಿಯನ್ನು ಮೊದಲ ಸಲ ಮುಟ್ಟಿದ್ದು 2016ರಲ್ಲಿ. ಹೇಗೆ ಅಂತೀರಾ? ತನ್ನ ನೆಲಕ್ಕೆ ಬಂದ ನಿರಾಶ್ರಿತರ ಅನ್ನ, ಹಾಸಿಗೆಯ ಖರ್ಚನ್ನೂ ಸೇರಿಸಿಕೊಂಡು. ಬ್ರಿಟನ್ ಇನ್ನೂ ಜಾಣ. 2022ರಲ್ಲಿ ಅದರ ನೆರವಿನ ಕಾಲುಭಾಗಕ್ಕೂ ಹೆಚ್ಚು ಹಣ ಬ್ರಿಟನ್ನಿನೊಳಗೇ, ಹೆಚ್ಚಾಗಿ ನಿರಾಶ್ರಿತರನ್ನು ಇಳಿಸಿದ ಹೋಟೆಲ್ ಬಿಲ್ಲುಗಳಲ್ಲಿ ಕರಗಿತು. ನಿರಾಶ್ರಿತರನ್ನು ನೋಡಿಕೊಳ್ಳಬೇಕಾದ್ದೇ, ತಕರಾರಿಲ್ಲ. ಆದರೆ ಬಾಡಿಗೆ ಎಣಿಸಿಕೊಂಡ ಹೋಟೆಲ್ ಮಾಲೀಕ ಯಾವ ಬಡ ದೇಶದವನು?

ನಮ್ಮ ಹುಡುಗನ ಕತೆ ಮುಂದುವರಿದಿದೆ. ಜರ್ಮನಿಗೆ ಈಗ ಕೈಗಳ ಕೊರತೆ. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ 90,000ಕ್ಕೆ ಏರುತ್ತದೆ ಎಂದು 2024ರಲ್ಲಿ ಘೋಷಿಸಿತು. ಓದು ಮುಗಿಸಿದವನು ಅಲ್ಲೇ ಕೆಲಸ ಹಿಡಿದ. ಭಾರತದ ಬಡತನ ನೀಗಿಸಲು ಕೊಟ್ಟ ವಿದ್ಯೆ ಈಗ ಜರ್ಮನಿಯ ಕಾರ್ಖಾನೆಯಲ್ಲಿ ಹಗಲಿರುಳು ದುಡಿಯುತ್ತಿದೆ. ತಿಂಗಳ ಸಂಬಳದಲ್ಲಿ ಒಂದು ಪಾಲು ತೋಟದ ಸಾಲಕ್ಕೆ, ಇನ್ನೊಂದು ಪಾಲು ಅಲ್ಲಿನ ತೆರಿಗೆಗೆ. ಹೀಗೆ ಅವನೂ ಈಗ ಭಾರತದ ಬಡವರಿಗೆ ದಾನಿ. ಅವನು ಕಟ್ಟಿದ ತೆರಿಗೆಯಿಂದಲೇ ಮುಂದಿನ ವರ್ಷದ ನೆರವು ಹೊರಡುತ್ತದೆ. ಅಂದರೆ, ಹೊರಡುವುದಿಲ್ಲ.