ಅಡಿಕೆಗೆ ಮೆಣಸಿನ ರೇಟು

ಕೇರಳದ ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಮಳೆಗಾಲದ ರಜೆಯಲ್ಲಿ ಸುಮ್ನೆ ಕೂರಲಾರದೆ ಅಪ್ಪನಿಗಾಗಿ ಎರಡು ಸಣ್ಣ ಸಿ ಪ್ರೋಗ್ರಾಂ ಬರೆದೆ. ಒಂದು ಅಡಿಕೆಗೆ, ಒಂದು ಒಳ್ಳೆಮೆಣಸಿಗೆ. ತೂಕ ಕೊಟ್ಟರೆ ದುಡ್ಡು ಹೇಳುತ್ತದೆ, ಅಷ್ಟೇ.

ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರಿನಲ್ಲಿ ಓಡುವ ಫೈಲಾಗಿ ಮಾಡಿಕೊಡುವ ಜಿಸಿಸಿಗೆ ಅಡಿಕೆ.ಸಿ ಕೊಟ್ಟೆ. ಆಯಿತು. ಮೆಣಸು.ಸಿ ಕೊಟ್ಟೆ. ಅದೂ ಆಯಿತು. ಮಧ್ಯಾಹ್ನ ಅಪ್ಪ ಕನ್ನಡಕ ಏರಿಸಿಕೊಂಡು ಬಂದು ಅಡಿಕೆಯ ತೂಕ ಒತ್ತಿದರು.

"ಎರಡು ಕ್ವಿಂಟಾಲಿಗೆ ಇಷ್ಟು ಸಿಕ್ಕಿದರೆ ನಾಳೆಯೇ ಜೀಪು ತೆಗೆಯಬಹುದು ಮಾರಾಯ!"

ಅಡಿಕೆಗೆ ಮೆಣಸಿನ ರೇಟು ಬಿದ್ದಿತ್ತು. ನಾವು ಹೆಸರು ಹೇಳದಿದ್ದರೆ ಲಿನಕ್ಸಿನಲ್ಲಿ ಜಿಸಿಸಿ ಎಲ್ಲದಕ್ಕೂ ಎ.ಔಟ್ ಅಂತಲೇ ಹೆಸರಿಡುತ್ತದೆ. ಹಳೇ ಯುನಿಕ್ಸ್ ಕಾಲದ 'ಅಸೆಂಬ್ಲರ್ ಔಟ್‌ಪುಟ್' ಎಂಬುದರ ಮೊಟಕು ಅದು. ಎರಡನೆಯ ಎ.ಔಟ್ ಬಂದು ಮೊದಲನೆಯದರ ಮೇಲೆ ಕೂತಿತ್ತು. ನಾವು ಮಂಜೇಶ್ವರ ಅನ್ನುತ್ತೇವೆ, ಮಲಯಾಳದ ಬೋರ್ಡು ಮಂಜೇಶ್ವರಂ ಅನ್ನುತ್ತದೆ. ಒಂದು ಊರಿಗೆ ಎರಡು ಹೆಸರು ನಮಗೆ ಅಭ್ಯಾಸ. ಎರಡು ಊರಿಗೆ ಒಂದೇ ಹೆಸರಾದರೆ ಬಸ್ಸು ಎಲ್ಲಿಗೆ ಹೋಗಬೇಕು?

ಮೈನಸ್ ಓ ಹಾಕಿ ಹೆಸರು ಕೊಡಬೇಕು ಅಂತ ಗೊತ್ತಾಯಿತು. ಚಂದಕ್ಕೆ ಇರಲಿ ಎಂದು 'ಲೆಕ್ಕ' ಫೋಲ್ಡರಿನ ಒಳಗೆ 'ಅಡಿಕೆ' ಎಂದು ಕೊಟ್ಟೆ. ಅಂಥ ಫೋಲ್ಡರೇ ಇಲ್ಲ ಎಂದು ಮುಖ ತಿರುಗಿಸಿತು. ಒಂದು ಫೋಲ್ಡರ್ ಮಾಡಿಕೊಳ್ಳಲು ಅದಕ್ಕೇನು ದಾಡಿ? ನಾನೇ ಮಾಡಿಕೊಟ್ಟೆ.

ನಿಜವಾದ ಗ್ರಹಚಾರ ಸಂಜೆಗೆ ಕಾದಿತ್ತು. ಹೊರಗೆ ಗುಡುಗು. ಕರೆಂಟು ಹೋಗಿದೆ, ಲ್ಯಾಪ್‌ಟಾಪಿನಲ್ಲಿ ಚಾರ್ಜು ಮುಗಿಯುತ್ತಾ ಬಂದಿದೆ. ಗಡಿಬಿಡಿಯಲ್ಲಿ ಮೈನಸ್ ಓ ಒತ್ತಿ, 'ಅಡಿ' ಬರೆದು ಟ್ಯಾಬ್ ಒತ್ತಿದೆ. ಅದು ಉಪಕಾರ ಮಾಡುವವರ ಹಾಗೆ 'ಅಡಿಕೆ.ಸಿ' ಎಂದು ಪೂರ್ತಿ ಮಾಡಿತು. ಪಕ್ಕದಲ್ಲಿ ಮೆಣಸು.ಸಿ ಹಾಕಿ ಎಂಟರ್ ಒತ್ತಿಯೇ ಬಿಟ್ಟೆ. ಮೈನಸ್ ಓ ಆದ ಮೇಲೆ ಬರುವುದೇ ಹೊಸ ಫೈಲಿನ ಹೆಸರು. ಕೊಟ್ಟ ಫೈಲಿನ ಮೇಲೇ ಬರೆಯಲು ಹೇಳಿದ್ದರೆ ಜಿಸಿಸಿ ತಕರಾರು ಎತ್ತುತ್ತಿತ್ತು. ಇದು ಬೇರೆ ಫೈಲು, ಅದಕ್ಕೇನು? ಒಂದು ಮಾತೂ ಆಡಲಿಲ್ಲ. ಅಡಿಕೆ.ಸಿ ತೆರೆದರೆ ಮೊದಲಿಗೇ ಇಎಲ್‌ಎಫ್ ಅಂತ ಮೂರು ಅಕ್ಷರ, ಲಿನಕ್ಸಿನಲ್ಲಿ ಓಡುವ ಫೈಲಿನ ಗುರುತು ಅದು, ಆಮೇಲೆ ಬರೀ ಗೀಚು. ನಾನು ಬರೆದದ್ದು ಅಳಿಸಿಹೋಗಿತ್ತು. ನಕಲು ಇಟ್ಟಿರಲಿಲ್ಲ. ಯಾರು ಇಡುತ್ತಾರೆ, ಅಲ್ವಾ?

"ಹೋಗಲಿ ಬಿಡು, ಪುಸ್ತಕದಲ್ಲಿ ಉಂಟು" ಎಂದು ಅಪ್ಪ ಚಿಮಿಣಿ ದೀಪ ಹಿಡಿದು ಕಪಾಟು ತೆರೆದರು. ಕೈಗೆ ಬಂದ ಪುಸ್ತಕದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಹಾಲಿನ ಲೆಕ್ಕ' ಎಂದಿತ್ತು. ಒಳಗೆ ಪೂರಾ ಅಡಿಕೆ.

"ಹಾಗಾದರೆ ಹಾಲಿನದ್ದು?"

"ಅದು ಕ್ಯಾಲೆಂಡರಿನ ಹಿಂದೆ."