ಸತ್ಯಾಂಶ: ಪಿಸ್ಟನ್ ರಿಂಗ್ ಗ್ಯಾಪ್ ಇಲ್ಲದಿದ್ದರೆ ಒಳ್ಳೆಯದೇ?

ಮನೆಯಲ್ಲೇ ಬೈಕ್ ಎಂಜಿನ್ ಬಿಚ್ಚಿ ಕಟ್ಟುವವರ ನಡುವೆ ಒಂದು ಮೆಸೇಜ್ ಓಡಾಡುತ್ತಿದೆ: ‘ರಿಂಗಿನ ತುದಿಗಳ ನಡುವೆ ಗ್ಯಾಪ್ ಬಿಡಬೇಡಿ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಹೆಚ್ಚುತ್ತದೆ.’ ದಯವಿಟ್ಟು ನಂಬಬೇಡಿ. ಪಿಸ್ಟನ್ ರಿಂಗ್ ಎಂದರೆ ಪಿಸ್ಟನ್ ಸುತ್ತ ಕೂರುವ, ಒಂದು ಕಡೆ ಸೀಳಿರುವ ಲೋಹದ ಬಳೆ. ಬಿಸಿಯಾದ ರಿಂಗ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ತುದಿಗಳು ಒಂದಕ್ಕೊಂದು ಒತ್ತಿಕೊಂಡು ರಿಂಗ್ ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಮುರಿಯಲೂಬಹುದು, ಪಿಸ್ಟನ್ ಜಾಮ್ ಆಗಲೂಬಹುದು.

50 ಮಿ.ಮೀ. ಬೋರ್‌ಗೆ (ಸಿಲಿಂಡರಿನ ಒಳವ್ಯಾಸ) ಸುಮಾರು 0.2 ಮಿ.ಮೀ. ಗ್ಯಾಪ್ ಎಂಬುದು ಬರೀ ಅಂದಾಜು. ಆ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್ ಹೇಳುವ ಅಳತೆಯೇ ಅಂತಿಮ. ರಿಂಗನ್ನು ಪಿಸ್ಟನ್ನಿನ ತಲೆಯಿಂದ ಬೋರ್‌ನೊಳಗೆ ಓರೆಯಾಗದಂತೆ ತಳ್ಳಿ, ಫೀಲರ್ ಗೇಜನ್ನು (ಸಂದಿನ ಅಗಲ ಅಳೆಯುವ ತೆಳು ಲೋಹದ ಪಟ್ಟಿ) ತುದಿಗಳ ನಡುವೆ ತೂರಿಸಿ ನೋಡಿ. ಕಡಿಮೆ ಬಂದರೆ ತುದಿಯನ್ನು ಹೊರಗಿನಿಂದ ಒಳಮುಖವಾಗಿ ನಯವಾದ ಅರದಿಂದ ಸ್ವಲ್ಪಸ್ವಲ್ಪವೇ ಉಜ್ಜಿ, ಮತ್ತೆ ಅಳೆಯಿರಿ.

ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಸುವಾಗ ರಿಂಗುಗಳನ್ನು ಒತ್ತಿ ಹಿಡಿಯುವ ರಿಂಗ್ ಕಂಪ್ರೆಸರನ್ನು ತೆಳು ತಗಡು, ಹೋಸ್ ಕ್ಲಿಪ್ ಬಳಸಿ ಮನೆಯಲ್ಲೇ ಮಾಡಿಕೊಳ್ಳಬಹುದು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಳತೆಯ ಸಾಧನವನ್ನು ಮಾತ್ರ ಕೊಂಡೇ ತನ್ನಿ.